ಹದಿನಾಲ್ಕನೇ ಕೊಠಡಿಯ ಉಪ್ಪು

ನಮ್ಮ ಪರೀಕ್ಷಾ ವಿಭಾಗದಲ್ಲಿ ಯಾರಿಗಾದರೂ ಒಳ್ಳೆಯದಾಯಿತು ಅಂತ ಸುದ್ದಿ ಬಂದರೆ ನಾವು ಮೊದಲು ಕೇಳುವುದು ‘ಯಾಕಂತೆ?’ ಅಂತ. ಹಾಗಾಗಿ ಮುಖ್ಯಸ್ಥರು ನನ್ನನ್ನು ಒಳಗೆ ಕರೆದು, "ನಿನ್ನನ್ನ ತರಬೇತಿಗೆ ಆರಿಸಿದಾರೆ ಕಣಮ್ಮ. ವಿಶ್ವವಿದ್ಯಾಲಯದ ಸಿಬ್ಬಂದಿ ಮೇಲೆ ಬರಲಿ ಅಂತ ಮಾಡಿರೋ ಶಿಬಿರ" ಅಂದಾಗ ನನಗೆ ಖುಷಿಯಾಗಲಿಲ್ಲ. ಕಿವಿ ನೆಟ್ಟಗಾಯಿತು.

"ಯಾಕೆ ಸಾರ್?" ಅಂದೆ.

"ಯಾಕೆ ಅಂದ್ರೆ? ಈ ಪರೀಕ್ಷೆ ಮುಗಿದ ಮೇಲೆ ನಾನು ನಿವೃತ್ತಿ ಆಗ್ತೀನಲ್ಲ, ಈ ಕುರ್ಚಿಗೆ ಯಾರಾದ್ರೂ ಬರಬೇಕಲ್ಲ. ತರಬೇತಿ ಮುಗಿಸಿದೋರಿಗೇ ಕೊಡೋದು ಅಂತ ಹೊಸ ನಿಯಮ ಬಂದಿದೆ."

"ಈಗಲೇ ಯಾಕೆ ಸಾರ್? ಪರೀಕ್ಷೆ ಹೊಸ್ತಿಲಿಗೆ ಬಂದು ನಿಂತಿದೆ. ಮಕ್ಕಳಿಗೆ ಕೊಠಡಿ ಹಂಚೋದು ಯಾರು?"

"ಪಿಸುಮಾತು ಇದಾಳಲ್ಲ" ಅಂದರು ಮುಖ್ಯಸ್ಥರು, ಕನ್ನಡಕ ಒರೆಸುತ್ತಾ. ಅವರು ಕನ್ನಡಕ ಒರೆಸುವಾಗ ನನ್ನ ಮುಖ ನೋಡುವುದಿಲ್ಲ. ಇದು ನಾನು ಬಹಳ ವರ್ಷದಿಂದ ಗಮನಿಸಿರುವ ಸಂಗತಿ.

ಪಿಸುಮಾತು ಅಂದರೆ ನನ್ನ ಪಕ್ಕದ ಮೇಜಿನ ಹುಡುಗಿ. ಗುತ್ತಿಗೆ ನೌಕರಿ. ಅವಳು ಬಾಯಿ ಬಿಟ್ಟರೆ ಎದುರಿಗಿರುವವರು ಮುಂದಕ್ಕೆ ಬಾಗಬೇಕು, ಅಷ್ಟು ಮೆತ್ತಗೆ. ಅದಕ್ಕೇ ಆ ಹೆಸರು. ಜೋರು ಗಂಟಲಿನವರನ್ನು ನಾನು ನಂಬುತ್ತೇನೆ, ಹೊಟ್ಟೆಯಲ್ಲಿರುವುದು ಅವರ ಬಾಯಿಗೆ ಬಂದುಬಿಡುತ್ತದೆ. ಮೆತ್ತಗೆ ಮಾತಾಡುವವರು ಏನನ್ನೋ ಒಳಗೆ ಇಟ್ಟುಕೊಂಡಿರುತ್ತಾರೆ. ಬಂದ ಮೊದಲ ದಿನವೇ ಅವಳು ನನ್ನನ್ನು ‘ಅಕ್ಕ’ ಅಂದಳು. ಹೇಳದೆ ಕೇಳದೆ ಅಕ್ಕ ಅನ್ನುವವರ ಮೇಲೆ ಒಂದು ಕಣ್ಣಿಟ್ಟಿರಬೇಕು.

ಇನ್ನು ತರಬೇತಿಯ ವಿಷಯ. ಶುಲ್ಕ ವಿಭಾಗದಲ್ಲಿ ಒಬ್ಬ ಇದ್ದ, ಉದ್ದನೆಯವನು, ಒಳ್ಳೆಯ ಕೆಲಸಗಾರ. ಅವನನ್ನೂ ಹೀಗೇ ಬೆನ್ನು ತಟ್ಟಿ ತರಬೇತಿಗೆ ಕಳಿಸಿದರು. ವಾಪಸು ಬರುವಷ್ಟರಲ್ಲಿ ಅವನ ಕುರ್ಚಿಯಲ್ಲಿ ಯಾರದೋ ಭಾವಮೈದುನ ಕೂತು ಟೀ ಹೀರುತ್ತಿದ್ದ. ಉದ್ದನೆಯವನಿಗೆ ಕ್ರೀಡಾ ವಿಭಾಗದ ಉಗ್ರಾಣಕ್ಕೆ ಎತ್ತಂಗಡಿ. ಇವತ್ತಿಗೂ ಅಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದಾನೆ, ತರಬೇತಿಯ ಪ್ರಮಾಣಪತ್ರವನ್ನು ಗೋಡೆಗೆ ತಗುಲಿಹಾಕಿಕೊಂಡು. ನಾನು ಅತ್ತ ಹೋದಾಗಲೆಲ್ಲ ಆ ಪ್ರಮಾಣಪತ್ರ ನೋಡಿ ಬೆವರುತ್ತೇನೆ.

ಮೇಲಿನ ಕುರ್ಚಿ ನನಗೆ ಬೇಡವಾಗಿತ್ತು ಅಂತಲ್ಲ. ಬೇಕಿತ್ತು. ಮುಖ್ಯಸ್ಥರ ಕೊಠಡಿಗೆ ಕಿಟಕಿ ಇದೆ, ಕಿಟಕಿಯಾಚೆ ಒಂದು ಮರ ಇದೆ. ನನ್ನ ಮೇಜಿನಿಂದ ಕಾಣುವುದು ಉತ್ತರ ಪತ್ರಿಕೆಗಳ ಮೂಟೆಗಳು ಮಾತ್ರ. ಅದೂ ಅಲ್ಲದೆ, ನನಗಿಂತ ಕಿರಿಯರು ಒಬ್ಬೊಬ್ಬರಾಗಿ ಮೇಲೆ ಹೋಗುವುದನ್ನು ನೋಡಿ ನೋಡಿ ಕುತ್ತಿಗೆ ನೋವು ಬಂದಿತ್ತು. ಆದರೆ ಮೇಲಿನದು ಸಿಗುತ್ತದೆ ಅಂತ ಕೈಚಾಚಿ, ಇರುವ ಕುರ್ಚಿಯೂ ಹೋದರೆ?

ಹೋಗದ ಹಾಗೆ ನೋಡಿಕೊಳ್ಳಲು ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಅದನ್ನು ನಾವು ಉಪ್ಪು ಅನ್ನುತ್ತೇವೆ. ನಾನು ಹೊಸದಾಗಿ ಸೇರಿದಾಗ ಇದೇ ಮುಖ್ಯಸ್ಥರು ಹೇಳಿಕೊಟ್ಟದ್ದು. "ಯಾರಿಗಾದ್ರೂ ಕೆಲಸ ಕಲಿಸಬೇಕಾದ್ರೆ ಎಲ್ಲಾ ಕಲಿಸು. ಉಪ್ಪು ಎಷ್ಟು ಅನ್ನೋದನ್ನ ಮಾತ್ರ ನಿನ್ನ ಹತ್ರ ಇಟ್ಕೋ." ಅಂದರೆ, ಯಾವುದೋ ಒಂದು ಸಣ್ಣ ಸಂಗತಿಯನ್ನು ಹೇಳದೆ ಬಿಡುವುದು. ನೀವು ರಜದ ಮೇಲೆ ಹೋದಾಗ ಕೆಲಸ ಅಲ್ಲಿಗೆ ಬಂದು ನಿಲ್ಲಬೇಕು, ಆಗ ನಿಮಗೆ ಫೋನು ಬರಬೇಕು. ಫೋನು ಬಂತೆಂದರೆ ನಿಮ್ಮ ಕುರ್ಚಿ ನಿಮ್ಮದೇ. ಮುಖ್ಯಸ್ಥರ ಮಗಳ ಮದುವೆಯ ದಿನ, ಇನ್ನೇನು ಮುಹೂರ್ತ ಅನ್ನುವಾಗ ಆಫೀಸಿನಿಂದ ಫೋನು ಬಂದಿತ್ತಂತೆ. ಮದುವೆಯ ಬಗ್ಗೆ ಅವರು ಇವತ್ತಿಗೂ ಹೇಳುವುದು ಅದೊಂದನ್ನೇ. ರಜದಲ್ಲಿ ಫೋನು ಬರದವರು ವಾಪಸು ಬಂದು ಎಲ್ಲರ ಮುಖವನ್ನೂ ಕಳ್ಳರ ಹಾಗೆ ನೋಡುತ್ತಾರೆ.

ನನ್ನ ಉಪ್ಪು ಹದಿನಾಲ್ಕನೇ ಕೊಠಡಿ. ಹಳೆಯ ಕಟ್ಟಡದ ಮೂಲೆಯಲ್ಲಿರುವ ಈ ಕೊಠಡಿಯಲ್ಲಿ ಹಿಂದೊಮ್ಮೆ ಪಾಠ ನಡೆಯುತ್ತಿತ್ತು. ಆಮೇಲೆ ಕಾಲು ಮುರಿದ ಬೆಂಚು, ಹರಿದ ಪರದೆ, ಹಾಳಾದ ಫ್ಯಾನು ಎಲ್ಲವನ್ನೂ ಅಲ್ಲಿ ತುಂಬಿ ಬೀಗ ಹಾಕಿದರು. ಆದರೆ ಅದು ಮುಚ್ಚಿದೆ ಅಂತ ಕಂಪ್ಯೂಟರಿಗೆ ಯಾರೂ ಹೇಳಲಿಲ್ಲ. ಪ್ರತಿ ಪರೀಕ್ಷೆಗೂ ಅದು ಐವತ್ತು ಅರವತ್ತು ಮಕ್ಕಳನ್ನು ಹದಿನಾಲ್ಕಕ್ಕೆ ಹಾಕುತ್ತದೆ. ನಾನು ಕೊಠಡಿ ಹಂಚುವ ಮೊದಲು ಅದನ್ನು ಸದ್ದಿಲ್ಲದೆ ತೆಗೆದುಬಿಡುತ್ತೇನೆ. ಒಂದು ಗುಂಡಿ ಒತ್ತಿದರೆ ಮುಗಿಯಿತು, ಆ ಮಕ್ಕಳು ಬೇರೆ ಕೊಠಡಿಗಳಿಗೆ ಹಂಚಿಹೋಗುತ್ತಾರೆ. ಇಬ್ಬರು ಕೂರುವ ಬೆಂಚಿನಲ್ಲಿ ಅಲ್ಲಲ್ಲಿ ಮೂವರು ಕೂರಬೇಕಾಗುತ್ತದೆ, ಮೊಣಕೈಗೆ ಮೊಣಕೈ ತಾಗುತ್ತದೆ, ಅಷ್ಟೆ. ತೆಗೆಯದಿದ್ದರೆ ಪರೀಕ್ಷೆಯ ಬೆಳಿಗ್ಗೆ ಅಷ್ಟೂ ಮಕ್ಕಳು ಬೀಗ ಹಾಕಿದ ಬಾಗಿಲಿನ ಮುಂದೆ ನಿಲ್ಲಬೇಕು.

ಹೊರಡುವ ಮುನ್ನ ಪಿಸುಮಾತಿಗೆ ಎಲ್ಲ ಕಲಿಸಿದೆ. ಯಾವ ವಿಷಯದವರ ಪಕ್ಕ ಯಾವ ವಿಷಯದವರನ್ನು ಕೂರಿಸಬೇಕು, ಕಣ್ಣು ಕಾಣದ ಮಕ್ಕಳಿಗೆ ಎಲ್ಲಿ ಜಾಗ, ಪ್ರವೇಶ ಪತ್ರ ಮಕ್ಕಳ ಫೋನಿಗೆ ಹೇಗೆ ಹೋಗುತ್ತದೆ, ಎಲ್ಲ. ಅವಳು ತಲೆಯಾಡಿಸುತ್ತಾ ಕೇಳಿದಳು.

"ಅಷ್ಟೇನಾ ಅಕ್ಕ?"

"ಅಷ್ಟೇ."

"ಇನ್ನೇನಾದ್ರೂ ಬಿಟ್ಟುಹೋಗಿದ್ಯಾ?"

ಯಾಕೆ ಹಾಗೆ ಕೇಳಿದಳು? ಯಾರಾದರೂ ಹೇಳಿದ್ದಾರಾ? ನಾನು ಅವಳ ಕಣ್ಣು ನೋಡಿದೆ. ಅಲ್ಲೇನೂ ಸಿಗಲಿಲ್ಲ. "ಬಿಟ್ಟುಹೋಗಿದ್ರೆ ಫೋನ್ ಮಾಡು" ಅಂದೆ, ನಗುತ್ತಾ.

ನಮ್ಮವರು ಟೈಲರು. ಆ ಸಂಜೆ ಯಾರದೋ ಕೋಟಿನ ತೋಳು ಬಿಚ್ಚುತ್ತಾ ನನ್ನ ಕಥೆಯೆಲ್ಲ ಕೇಳಿದರು.

"ಮೇಲೆ ಹತ್ತು ಅಂತ ಏಣಿ ಹಾಕಿದ್ರೆ ನೀನು ಏಣಿನ ಮೂಸಿ ನೋಡ್ತಾ ಕೂತಿದೀಯಲ್ಲೇ" ಅಂದರು.

"ನಿಮಗೇನು ಗೊತ್ತು? ನಿಮ್ಮ ಅಂಗಡೀಲಿ ನಿಮ್ಮ ಕುರ್ಚಿ ಮೇಲೆ ಕಣ್ಣು ಹಾಕೋರು ಯಾರೂ ಇಲ್ಲ."

"ಇಲ್ಲ ನಿಜ. ಒಂದು ದಿನ ಮಲಗಿದ್ರೆ ಅಂಗಡೀನೇ ಮಲಗತ್ತೆ. ಅದರಲ್ಲಿ ಏನು ಸುಖ ಇದೆ ಹೇಳು."

ಇವರ ಹತ್ತಿರ ಇಂಥ ಮಾತುಗಳು ಬೇಕಾದಷ್ಟಿವೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಒಂದು ಸಲ ನನಗೆ ಫೋನು ಮಾಡಬೇಕು, ಆ ಊರಿನಲ್ಲಿ ನನ್ನ ಫೋನಿಗೆ ಕರೆ ಬರುತ್ತದೋ ಇಲ್ಲವೋ ಗೊತ್ತಾಗಬೇಕು ಅಂತ ಹೇಳಿ ಪೆಟ್ಟಿಗೆ ಕಟ್ಟಿದೆ.

ತರಬೇತಿ ಕೇಂದ್ರ ಬೇರೆ ಊರಿನಲ್ಲಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ನಮ್ಮಂಥವರೇ ಬಂದಿದ್ದರು: ಗ್ರಂಥಾಲಯದವರು, ಪ್ರಯೋಗಾಲಯದವರು, ಲೆಕ್ಕಪತ್ರದವರು, ಒಬ್ಬ ಹಾಸ್ಟೆಲ್ ಮೇಲ್ವಿಚಾರಕ. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟೇ ಕೂತರು. ಯಾರೂ ಮೊದಲ ಸಾಲಿಗೆ ಹೋಗಲಿಲ್ಲ.

ತರಬೇತಿ ಕೊಡಲು ಬಂದಿದ್ದ ಹುಡುಗಿ ಯಾವಾಗಲೂ ನಗುತ್ತಿದ್ದಳು. ಸಂಬಳಕ್ಕಾಗಿ ಅಷ್ಟೊಂದು ನಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. "ಐದು ವರ್ಷ ಆದ ಮೇಲೆ ನಿಮ್ಮನ್ನ ನೀವು ಎಲ್ಲಿ ನೋಡ್ಕೊಳ್ತೀರಿ?" ಅಂತ ಒಬ್ಬೊಬ್ಬರನ್ನೇ ಕೇಳಿದಳು.

"ನಮ್ಮನೆ ಕನ್ನಡೀಲಿ" ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ನನ್ನ ಉತ್ತರವನ್ನು ಬಿಳಿ ಹಲಗೆಯ ಮೇಲೆ ಬರೆದೇಬಿಟ್ಟಳು. ಯಾಕೆ ಬರೆದುಕೊಳ್ಳಬೇಕಿತ್ತು?

ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿದೆವು. ಗುಂಪು ಮಾಡಿಕೊಂಡು ಚರ್ಚಿಸಿದೆವು. ನನ್ನ ಒಂದು ಕೈ ಮಾತ್ರ ಸದಾ ಚೀಲದಲ್ಲಿ, ಫೋನಿನ ಮೇಲೆ. ಮೊದಲ ದಿನ ಅದು ಅಲ್ಲಾಡಲಿಲ್ಲ. ಇರಲಿ, ಇವತ್ತಿನ್ನೂ ಶುರು ಮಾಡಿರಲಿಕ್ಕಿಲ್ಲ ಅಂದುಕೊಂಡೆ. ಮಾರನೆಯ ದಿನವೂ ಅಲ್ಲಾಡಲಿಲ್ಲ. ಬಂದದ್ದು ನಮ್ಮವರ ಕರೆಯೊಂದೇ.

"ಹಲೋ, ನಾನೇ. ಬರ್ತಾ ಇದ್ಯಾ?"

"ಬರ್ತಾ ಇದೆ."

"ಚೆನ್ನಾಗಿ ಬರ್ತಾ ಇದ್ಯಾ?"

"ಚೆನ್ನಾಗೇ ಬರ್ತಾ ಇದೆ, ಇಡ್ರೀ. ಅಷ್ಟರಲ್ಲಿ ಆಫೀಸಿನೋರು ಮಾಡಿಬಿಟ್ರೆ?"

ಆಫೀಸಿನವರು ಮಾಡಲಿಲ್ಲ. ವಾರ ಅರ್ಧ ಕಳೆಯಿತು. ಇಷ್ಟು ಹೊತ್ತಿಗೆ ಕೊಠಡಿ ಹಂಚಿ ಆಗಿರಬೇಕು. ಒಂದೋ ಹದಿನಾಲ್ಕನೇ ಕೊಠಡಿಯ ಗುಟ್ಟು ಅವಳಿಗೆ ಸಿಕ್ಕಿದೆ, ಇಲ್ಲವೋ ಕಣ್ಣುಮುಚ್ಚಿ ಮಕ್ಕಳನ್ನು ಅಲ್ಲಿಗೆ ಹಾಕಿದ್ದಾಳೆ. ಎರಡರಲ್ಲಿ ಯಾವುದು? ಕೊನೆಗೆ ನಮ್ಮ ವಾಚ್‌ಮನ್‌ಗೆ ಫೋನು ಮಾಡಿದೆ. ನೇರವಾಗಿ ಕೇಳುವುದು ಹೇಗೆ?

"ನನ್ನ ಛತ್ರಿ ಬಿಟ್ಟುಬಂದಿದೀನಪ್ಪ. ನನ್ನ ಕುರ್ಚಿ ಹಿಂದೆ ನೇತುಹಾಕಿದೀನಾ, ಸ್ವಲ್ಪ ನೋಡು."

"ಈಗ ತಾನೆ ಆ ಕಡೆ ಹೋಗಿದ್ದೆ ಮೇಡಂ. ನಿಮ್ಮ ಕುರ್ಚೀಲಿ ಪಿಸುಮಾತು ಮೇಡಂ ಕೂತಿದಾರೆ. ಛತ್ರಿ ಕಾಣಲಿಲ್ಲ."

"ನನ್ನ ಕುರ್ಚೀಲಾ?"

"ಕಂಪ್ಯೂಟರ್ ಅಲ್ಲೇ ಇದ್ಯಲ್ಲ ಮೇಡಂ." ಆಮೇಲೆ ಅವನು ದನಿ ಇಳಿಸಿದ. "ಈಗ ನನ್ನ ಹತ್ರ ಬೀಗದ ಕೈ ಕೇಳ್ತಿದಾರೆ. ನಿನ್ನೆನೂ ಇಸ್ಕೊಂಡಿದ್ರು."

"ಯಾವ ಬೀಗದ್ದು?"

"ಅದು... ನಿಮಗೆ ಹೇಳಬೇಡ ಅಂದಿದಾರೆ ಮೇಡಂ" ಅಂದವನೇ ಫೋನು ಇಟ್ಟುಬಿಟ್ಟ.

ನನ್ನ ಪಿತ್ತ ನೆತ್ತಿಗೇರಿತು. ನನಗೆ ಹೇಳಬಾರದ ಬೀಗ ಅಂದರೆ ನನ್ನ ಮೇಜಿನ ಡ್ರಾಯರ್ ಅಲ್ಲದೆ ಇನ್ಯಾವುದು? ಒಳಗಿರುವುದು ಒಂದು ಬಾಚಣಿಗೆ, ತಲೆನೋವಿನ ಮಾತ್ರೆ, ಹಳೆಯ ಪೆನ್ನುಗಳು. ಇದ್ದರೇನು, ನನ್ನವು. ಈಗ ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಕ್ರೀಡಾ ಉಗ್ರಾಣಕ್ಕೆ ಕಳಿಸಿರುತ್ತಾರೆ. ಉದ್ದನೆಯವನ ಪಕ್ಕದಲ್ಲಿ ಕೂತು ನಾನೂ ಚೆಂಡಿಗೆ ಗಾಳಿ ತುಂಬಬೇಕು.

ಒಂದು ವಿಷಯ ಮಾತ್ರ ಖಚಿತವಾಯಿತು. ಅವಳಿಗೆ ಹದಿನಾಲ್ಕರ ಗುಟ್ಟು ಗೊತ್ತಿಲ್ಲ. ಗೊತ್ತಿದ್ದವಳು ನನ್ನ ಡ್ರಾಯರಿನಲ್ಲಿ ಏನು ಹುಡುಕುತ್ತಾಳೆ? ಹಾಗಾದರೆ ಸರಿ, ಬೀಳಲಿ ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಮಕ್ಕಳು ಬೀಗದ ಮುಂದೆ ನಿಂತು ಅಳುತ್ತಿರುವಾಗ ನಾನು ಅಲ್ಲಿಗೆ ಹೋಗುತ್ತೇನೆ. ‘ಬನ್ನಿ ಮಕ್ಕಳೇ’ ಅಂತ ಕರೆದುಕೊಂಡು ಹೋಗಿ ಎಲ್ಲರನ್ನೂ ಅಲ್ಲಲ್ಲಿ ಕೂರಿಸುತ್ತೇನೆ. ಮುಖ್ಯಸ್ಥರು ನೋಡಲಿ, ಇಡೀ ವಿಶ್ವವಿದ್ಯಾಲಯ ನೋಡಲಿ. ನಾನಿಲ್ಲದಿದ್ದರೆ ಏನಾಗುತ್ತದೆ ಅಂತ ಗೊತ್ತಾಗಲಿ.

ಆದರೆ ಪರೀಕ್ಷೆಯ ಬೆಳಿಗ್ಗೆ ಮಕ್ಕಳು ಹೇಗಿರುತ್ತಾರೆ ಅಂತ ನನಗೆ ಗೊತ್ತಲ್ಲ. ತುಟಿ ಒಣಗಿರುತ್ತದೆ. ಮುದ್ರಿಸಿ ತಂದ ಪ್ರವೇಶ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ, ಹಾರಿಹೋಗುತ್ತದೇನೋ ಅನ್ನುವ ಹಾಗೆ. ಆ ಮುಖಗಳು ನೆನಪಾಗಿ ಎರಡು ಸಲ ಪಿಸುಮಾತಿನ ನಂಬರು ಒತ್ತಿದೆ. ಎರಡು ಸಲವೂ ಕತ್ತರಿಸಿದೆ. ಅವಳೇ ಮಾಡಲಿ. ನಾನಾಗಿಯೇ ಮಾಡಿದರೆ ಅದು ಫೋನು ಬಂದ ಹಾಗಾಗುವುದಿಲ್ಲ.

ತರಬೇತಿಯ ಕೊನೆಯ ದಿನ ನಗುವ ಹುಡುಗಿ ಒಂದೇ ಒಂದು ಪ್ರಶ್ನೆ ಇದೆ ಅಂದಳು. "ನಾಳೆ ನೀವು ನಿಮ್ಮ ಜಾಗದಿಂದ ಎದ್ದರೆ ಆ ಕೆಲಸ ಮಾಡಬಲ್ಲವರು ಯಾರಿದಾರೆ? ಒಬ್ಬರನ್ನ ಹೇಳಿ."

ಇಷ್ಟು ದಿನ ಬಣ್ಣದ ಚೀಟಿ ಅಂಟಿಸಿದ್ದು ಈ ಪ್ರಶ್ನೆಗಾಗಿ ಅಂತ ನನಗೆ ಹೊಳೆಯಿತು. ಅದಕ್ಕೆ ಮುಂಚೆ ಟೀ ಕುಡಿಯುವಾಗ ಹಾಸ್ಟೆಲ್ ಮೇಲ್ವಿಚಾರಕ ನನ್ನ ಕಿವಿಯಲ್ಲಿ ಹೇಳಿದ್ದ: "ಹೆಸರು ಕೇಳಿದ್ರೆ ಹುಷಾರು ಮೇಡಂ. ಯಾರ ಹೆಸರು ಹೇಳ್ತೀರೋ ಅವರೇ ನಾಳೆ ನಿಮ್ಮ ಜಾಗದಲ್ಲಿರ್ತಾರೆ." ಅಂಥವನು ತನ್ನ ಸರದಿ ಬಂದ ಕೂಡಲೇ ಎದ್ದು ನಿಂತು ತನ್ನ ಕೈಕೆಳಗಿನವನ ಹೆಸರು ಹೇಳಿಬಿಟ್ಟ! ಇವನೆಂಥ ಪೆದ್ದ ಅಂದುಕೊಂಡೆ.

ನನ್ನ ಸರದಿ ಬಂತು. "ಯಾರೂ ಇಲ್ಲ" ಅಂದೆ.

"ಒಬ್ಬರೂ ಇಲ್ವಾ? ನಿಮ್ಮ ಜೊತೆ ಕೆಲಸ ಮಾಡೋರು?"

"ಇದಾರೆ. ಆದ್ರೆ ನನ್ನ ಕೆಲಸ ಅವರ ಕೈಲಿ ಆಗಲ್ಲ."

"ಖಂಡಿತಾನಾ?" ಮೊದಲ ಸಲ ಅವಳ ನಗು ಸ್ವಲ್ಪ ಕಡಿಮೆಯಾಯಿತು. "ಹಾಗೇ ತಿಳಿಸಲಾ?"

"ಹಾಗೇ ತಿಳಿಸಿ" ಅಂದೆ. ನನ್ನ ಕಿವಿಯ ಮೇಲೆ ಹೂವಿಡಲು ಬಂದಿದ್ದಳು, ಆಗಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಗೆದ್ದವಳ ಹಾಗೆ ಕೂತಿದ್ದೆ.

ಸೋಮವಾರ ಎಲ್ಲರಿಗಿಂತ ಮೊದಲೇ ಹೋದೆ. ಆಫೀಸಿಗೆ ಹೋಗದೆ ನೇರವಾಗಿ ಹಳೆಯ ಕಟ್ಟಡದ ಮೂಲೆಗೆ ನಡೆದೆ. ಬೀಗದ ಎದುರು ನಿಂತು ಮಕ್ಕಳಿಗಾಗಿ ಕಾಯುವುದು ಅಂತ ಲೆಕ್ಕ. ಬೀಗ ಇರಲಿಲ್ಲ. ಬಾಗಿಲು ಪೂರಾ ತೆರೆದಿತ್ತು, ಒಳಗಿನಿಂದ ಒದ್ದೆ ನೆಲದ ವಾಸನೆ ಬರುತ್ತಿತ್ತು.

ಒಳಗೆ ಬೆಂಚುಗಳು ಸಾಲಾಗಿ ನಿಂತಿದ್ದವು. ಕಾಲು ಮುರಿದವಕ್ಕೆ ಬೇರೆ ಹಲಗೆ ಹೊಡೆದಿದ್ದರು. ಕಿಟಕಿಯ ಗಾಜು ತೊಳೆದಿದ್ದರು, ಬೆಳಕು ನೆಲದವರೆಗೂ ಬಂದಿತ್ತು. ಹಾಳು ಫ್ಯಾನುಗಳೆಲ್ಲ ಹೊರಗೆ ಗೋಡೆಗೆ ಒರಗಿದ್ದವು. ಕೊನೆಯ ಸಾಲಿನಲ್ಲಿ ಪಿಸುಮಾತು ಮಂಡಿಯೂರಿ ಕೂತು ಬೆಂಚಿಗೆ ನಂಬರು ಚೀಟಿ ಅಂಟಿಸುತ್ತಿದ್ದಳು. ಕೂದಲಿನಲ್ಲಿ ಜೇಡರ ಬಲೆ. ನನ್ನನ್ನು ನೋಡಿ ಗಡಬಡಿಸಿ ಎದ್ದಳು.

"ಅಕ್ಕ! ಇಷ್ಟು ಬೇಗ ಬಂದ್ರಾ? ನೀವು ಬರೋದ್ರೊಳಗೆ ಮುಗಿಸಿಬಿಡೋಣ ಅಂತಿದ್ದೆ."

ನಾನು ಕೇಳುವ ಮೊದಲೇ ಅವಳೇ ಹೇಳಿದಳು, ಎಂದಿನ ಹಾಗೆ ಮೆತ್ತಗೆ. ನಾನು ಮುಂದಕ್ಕೆ ಬಾಗಿ ಕೇಳಬೇಕಾಯಿತು. ಮಕ್ಕಳಿಗೆ ಪ್ರವೇಶ ಪತ್ರ ಕಳಿಸಿದ ಮೇಲೆ ನಂಬರು ಅಂಟಿಸಲು ವಾಚ್‌ಮನ್ ಜೊತೆ ಒಂದೊಂದೇ ಕೊಠಡಿಗೆ ಹೋಗಿದ್ದಾಳೆ. ಹದಿನಾಲ್ಕರ ಬಾಗಿಲು ತೆಗೆದರೆ ಗುಜರಿ. ಮಕ್ಕಳ ಫೋನಿಗೆ ಪತ್ರ ಹೋಗಿಯಾಗಿದೆ, ಇನ್ನು ಬದಲಾಯಿಸುವ ಹಾಗಿಲ್ಲ. ವಾಚ್‌ಮನ್ ಮತ್ತು ಗುಡಿಸುವಾಕೆಯನ್ನು ಕಾಡಿ ಬೇಡಿ ಕರೆದುಕೊಂಡು, ದಿನದ ಕೆಲಸ ಮುಗಿದ ಮೇಲೆ ಬಂದು ಖಾಲಿ ಮಾಡಿದ್ದಾಳೆ. ಬೀಗದ ಕೈ ಅಂದದ್ದು ಇದರದ್ದು.

"ನನಗೆ ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?" ಅಂದೆ. ಬೈಗುಳದ ಹಾಗೇ ಬಂತು ಆ ಮಾತು.

"ಮಾಡಿದ್ರೆ ನೀವು ತರಬೇತಿ ಬಿಟ್ಟು ಓಡಿಬರ್ತಿದ್ರಿ. ಅರ್ಧಕ್ಕೆ ಬಿಟ್ಟರೆ ಮೇಲಿನ ಕುರ್ಚಿ ಸಿಗಲ್ಲ ಅಂತ ಸಾರ್ ಹೇಳಿದ್ರು. ಅದಕ್ಕೇ ನಿಮಗೆ ಹೇಳಬೇಡಿ ಅಂತ ಎಲ್ಲರಿಗೂ ಹೇಳಿದ್ದೆ." ಅವಳು ಅಂಗೈ ನೋಡಿಕೊಂಡಳು. ಅಂಗೈ ತುಂಬ ಬೊಬ್ಬೆಗಳಿದ್ದವು. "ಒಂದು ಮಾತು ಕೇಳಲಾ ಅಕ್ಕ? ಪ್ರತಿ ಪರೀಕ್ಷೆಗೂ ನೀವೊಬ್ರೇ ಇದನ್ನೆಲ್ಲ ಹೇಗೆ ಮಾಡ್ತಿದ್ರಿ? ಒಂದು ದಿನಾನೂ ಹೇಳ್ಕೊಂಡಿಲ್ಲವಲ್ಲ."

ಅಣಕಿಸುತ್ತಿದ್ದಾಳಾ? ನಾನು ಅವಳ ಮುಖದಲ್ಲಿ ಹುಡುಕಿದೆ. ಹುಬ್ಬಿನಲ್ಲಿ, ತುಟಿಯ ಕೊನೆಯಲ್ಲಿ, ಎಲ್ಲ ಕಡೆ ಹುಡುಕಿದೆ. ಅಣಕ ಸಿಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ನಿಜವಾಗಿಯೂ ಕೇಳುತ್ತಿದ್ದಳು. ನಾನು ಪ್ರತಿ ಸಲ ಸೆರಗು ಸಿಕ್ಕಿಸಿಕೊಂಡು ಈ ಗುಜರಿಯನ್ನೆಲ್ಲ ಹೊತ್ತಿದ್ದೇನೆ ಅಂತ ನಂಬಿಕೊಂಡಿದ್ದಳು. ನಾಚಿಕೆಯಿಂದ ನನಗೆ ಕಿವಿ ಬಿಸಿಯಾಯಿತು.

ಉತ್ತರ ಹೇಳುವ ಮೊದಲೇ ಮುಖ್ಯಸ್ಥರು ಬಂದರು. ಬಾಗಿಲಿನಲ್ಲಿ ನಿಂತು ಕೊಠಡಿಯನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು.

"ತರಬೇತಿಯೋರು ಫೋನ್ ಮಾಡಿದ್ರು. ನಿನ್ನ ಕೆಲಸ ಮಾಡೋರು ಯಾರೂ ಇಲ್ಲ ಅಂದ್ಯಂತೆ. ಭೇಷ್. ಆದ್ರೆ ಒಂದು ತೊಂದರೆ ಆಗಿದೆ ಕಣಮ್ಮ. ಯಾರ ಜಾಗಕ್ಕೆ ಬೇರೆ ಜನ ಇಲ್ವೋ ಅವರನ್ನ ಅಲ್ಲಿಂದ ಮೇಲಕ್ಕೆ ಕಳಿಸಲ್ವಂತೆ. ಅಲ್ಲಿ ಕೆಲಸ ನಿಲ್ಲತ್ತಲ್ಲ. ನನ್ನ ಕುರ್ಚಿಗೆ ಹೊರಗಿನೋರನ್ನ ತರ್ತಾರೆ. ನೀನು ಇದ್ದಲ್ಲೇ ಇರ್ತೀಯ."

ಬಸ್ಸಿನಲ್ಲಿ ಗೆದ್ದವಳ ಹಾಗೆ ಕೂತಿದ್ದು ನೆನಪಾಯಿತು. ಹಾಸ್ಟೆಲ್ ಮೇಲ್ವಿಚಾರಕ ಪೆದ್ದನಾಗಿರಲಿಲ್ಲ. ನನ್ನನ್ನು ಹೆದರಿಸಿ ತಾನು ಮಾತ್ರ ಜಾಣನಾಗಿದ್ದ.

"ಹಾಗಾದ್ರೆ ನಾನು?" ಅಂದಳು ಪಿಸುಮಾತು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಿಂದೇನಮ್ಮ, ಅಕ್ಕ ಮೇಲೆ ಹೋಗಿದ್ರೆ ಅವಳ ಜಾಗ ನಿನಗೆ ಖಾಯಂ ಆಗ್ತಿತ್ತು. ಈಗ ಪರೀಕ್ಷೆ ಮುಗಿದ ಹಾಗೇ ನಿನ್ನ ಗುತ್ತಿಗೇನೂ ಮುಗೀತು."

ಓಹೋ ಅಂದಿತು ನನ್ನ ಮನಸ್ಸು, ತಕ್ಷಣ. ಅದಕ್ಕೇ ಫೋನು ಮಾಡಲಿಲ್ಲ! ಅದಕ್ಕೇ ನಾನು ತರಬೇತಿ ಮುಗಿಸಬೇಕಿತ್ತು! ನನ್ನ ಮೇಲಿನ ಪ್ರೀತಿಯಿಂದಲ್ಲ, ನನ್ನ ಕುರ್ಚಿಗಾಗಿ. ಒಂದು ಗಳಿಗೆ ಆ ಅನುಮಾನ ಹಳೆಯ ಗೆಳತಿ ಸಿಕ್ಕಷ್ಟು ಹಿತವಾಯಿತು. ಆಮೇಲೆ ಅವಳ ಅಂಗೈ ಕಣ್ಣಿಗೆ ಬಿತ್ತು. ಕುರ್ಚಿ ಬೇಕಾಗಿದ್ದಿರಬಹುದು. ನನಗೂ ಬೇಕಾಗಿತ್ತಲ್ಲ. ಅದಕ್ಕಾಗಿ ಅವಳು ಬೆಂಚು ಹೊತ್ತಳು, ನಾನು ಅಷ್ಟೂ ಮಕ್ಕಳು ಅಳಲಿ ಅಂತ ಕಾದು ಕೂತೆ.

"ಇದನ್ನ ನಾನು ಯಾವತ್ತೂ ಕ್ಲೀನ್ ಮಾಡಿಲ್ಲ" ಅಂದೆ ಅವಳಿಗೆ. "ಕಂಪ್ಯೂಟರಿಂದ ತೆಗೆದುಬಿಡ್ತಿದ್ದೆ. ಒಂದು ಗುಂಡಿ. ಮಕ್ಕಳನ್ನ ಬೇರೆ ಕಡೆ ಒತ್ತಿ ಕೂರಿಸ್ತಿದ್ದೆ. ನಿನಗೆ ಬೇಕಂತಲೇ ಹೇಳಲಿಲ್ಲ."

ಅವಳು ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬೈದಿದ್ದರೆ ವಾಸಿಯಿತ್ತು.

ನಾನು ಮುಖ್ಯಸ್ಥರ ಕಡೆ ತಿರುಗಿದೆ. "ಸಾರ್, ತರಬೇತಿಯೋರಿಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ ತಾನೆ?"

"ನೀನು ಹೇಳಿದ್ದು ನಿಜಾನಾ ಅಂತ ಇವತ್ತು ಮಧ್ಯಾಹ್ನದೊಳಗೆ ತಿಳಿಸಬೇಕು ಅಂದಿದಾರೆ."

"ನಾನು ಸುಳ್ಳು ಹೇಳಿದ್ದೆ ಅಂತ ಹೇಳಿ. ನನ್ನ ಜಾಗಕ್ಕೆ ಇವಳಿದಾಳೆ. ನನಗಿಂತ ಚೆನ್ನಾಗಿ ಮಾಡ್ತಾಳೆ. ನನಗೆ ಕುರ್ಚಿ ಕೊಡ್ತಾರೋ ಬಿಡ್ತಾರೋ, ಅವಳ ಹೆಸರು ಮೊದಲು ಬರೆಸಿ."

ಮುಖ್ಯಸ್ಥರು ಒರೆಸುವುದನ್ನು ನಿಲ್ಲಿಸಿದರು. ಕನ್ನಡಕವಿಲ್ಲದ ಅವರ ಕಣ್ಣು ಚಿಕ್ಕದಾಗಿ, ಹೆದರಿದ ಹಾಗೆ ಕಂಡಿತು. "ಎಲ್ಲ ಬಿಟ್ಟುಕೊಟ್ಟ ಮೇಲೆ ನಿನಗೆ ಫೋನ್ ಯಾರು ಮಾಡ್ತಾರಮ್ಮ?" ಅಂದರು. ಅವರು ಕೇಳಿದ್ದು ನನಗಾಗಿ ಮಾತ್ರ ಅಂತ ನನಗನ್ನಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅವರು ಮನೆಯಲ್ಲಿರುತ್ತಾರೆ.

ಅಷ್ಟರಲ್ಲಿ ನನ್ನ ಚೀಲದೊಳಗೆ ಫೋನು ಹೊಡೆದುಕೊಂಡಿತು. ಮುಖ್ಯಸ್ಥರ ಮುಖ ಅರಳಿತು. "ನೋಡಿದ್ಯಾ! ತಗೋ, ತಗೋ" ಅಂದರು. ನಾನ್ಯಾಕೋ ಅವರಿಗೂ ಕೇಳಿಸಲಿ ಅಂತ ಸ್ಪೀಕರ್ ಹಾಕಿ ತೆಗೆದೆ.

"ಹಲೋ, ನಾನೇ" ಅಂದರು ನಮ್ಮವರು. "ನೀನು ವಾಪಸು ಬಂದಿದ್ರೂ ಅಭ್ಯಾಸ ಬಿಡಲಿಲ್ಲ ಕಣೇ. ಬರ್ತಾ ಇದ್ಯಾ?"

ಬಾಗಿಲಿನ ಹತ್ತಿರ ಒಬ್ಬಳು ಹುಡುಗಿ ಬಂದು ನಿಂತಿದ್ದಳು. ಎರಡೂ ಕೈಯಲ್ಲಿ ಪ್ರವೇಶ ಪತ್ರ ಹಿಡಿದು, ತಲೆಯೆತ್ತಿ ಬಾಗಿಲಿನ ಮೇಲೆ ಇಲ್ಲದ ನಂಬರನ್ನು ಹುಡುಕುತ್ತಿದ್ದಳು.

"ಬರ್ತಾ ಇದೆ ರೀ" ಅಂದೆ. "ನಾಳೆಯಿಂದ ಮಾಡಿ ನೋಡೋದು ಬೇಡ ಬಿಡಿ."

ಫೋನು ಚೀಲಕ್ಕೆ ಹಾಕಿದೆ. ಹುಡುಗಿ ನನ್ನನ್ನು ಕೇಳಿದಳು, "ಮೇಡಂ, ಹದಿನಾಲ್ಕನೇ ಕೊಠಡಿ ಅಂತ ಇದ್ಯಾ?"

"ಇದೆ" ಅಂದೆ. "ಇದೇನೇ. ಒಳಗೆ ಬಾ, ಈ ಅಕ್ಕ ನಿನ್ನ ಜಾಗ ತೋರಿಸ್ತಾರೆ."